ಕ್ಲೌಡ್‌ಗೆ ಹೊರಟಿದ್ದೀರಾ? ಮೊದಲು ಪಟ್ಟಿ, ಆಮೇಲೆ ಸರ್ವರ್

2008ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ನ ಡೇಟಾಬೇಸ್ ಕೆಟ್ಟುಹೋಯಿತು. ಆಗ ಅದು ಸಿನಿಮಾ ಡಿವಿಡಿಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದ ಕಂಪನಿ. ಮೂರು ದಿನ ಒಂದೂ ಡಿವಿಡಿ ಕಳುಹಿಸಲು ಆಗಲಿಲ್ಲ. ಸ್ವಂತ ಸರ್ವರ್‌ಗಳಿರುವ ಡೇಟಾ ಸೆಂಟರ್ ಬಿಟ್ಟು ಕ್ಲೌಡ್‌ಗೆ, ಅಂದರೆ ಬೇರೆ ಕಂಪನಿಯ ಸರ್ವರ್‌ಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುವುದಕ್ಕೆ, ಹೋಗೋಣ ಎಂದು ಅವರು ತೀರ್ಮಾನಿಸಿದ್ದು ಆಗಲೇ. ಆ ಕೆಲಸ ಪೂರ್ತಿ ಮುಗಿದದ್ದು 2016ರ ಜನವರಿಯಲ್ಲಿ. ಏಳು ವರ್ಷಕ್ಕೂ ಜಾಸ್ತಿ ಹಿಡಿಯಿತು. ಅವರು ಹಳೆಯ ವ್ಯವಸ್ಥೆಯನ್ನು ಹಾಗೇ ಎತ್ತಿ ಇಡಲಿಲ್ಲ, ಹೆಚ್ಚುಕಡಿಮೆ ಎಲ್ಲವನ್ನೂ ಹೊಸದಾಗಿ ಕಟ್ಟಿದರು.

ನಿಮ್ಮದು ಅಷ್ಟು ದೊಡ್ಡ ಕೆಲಸ ಇರಲಿಕ್ಕಿಲ್ಲ. ಹತ್ತು ಇಪ್ಪತ್ತು ಸರ್ವರ್ ಇರುವ ಕಂಪನಿಗೆ ಕೆಲವು ತಿಂಗಳು ಸಾಕಾಗಬಹುದು. ಆದರೆ ಆ ತಿಂಗಳುಗಳಲ್ಲಿ ದೊಡ್ಡ ಪಾಲನ್ನು ನಮ್ಮಲ್ಲಿ ಏನಿದೆ, ಯಾವುದು ಯಾವುದನ್ನು ನಂಬಿಕೊಂಡಿದೆ ಎಂದು ಹುಡುಕುವುದಕ್ಕೇ ಎತ್ತಿಡಿ. ಡೇಟಾ ಸಾಗಿಸುವುದು ಆಮೇಲಿನ ಮಾತು. ಅದಕ್ಕೆ ಬೇಕಾದ ಸಲಕರಣೆಗಳು ಈಗ ಬೇಕಾದಷ್ಟು ಸಿಗುತ್ತವೆ. ಪಟ್ಟಿಯನ್ನು ಮಾತ್ರ ನೀವೇ ಮಾಡಬೇಕು.

ಯಾಕೆ ಹೋಗುತ್ತಿದ್ದೀರಿ?

ಒಂದು ಹಾಳೆಯಲ್ಲಿ ಬರೆಯಿರಿ. ಸರ್ವರ್‌ಗಳ ವಾರಂಟಿ ಮುಗಿಯುತ್ತಿದೆ, ಹೊಸದು ಕೊಳ್ಳುವ ಮುನ್ನ ಯೋಚಿಸಬೇಕು. ಕೆಲವು ವಾರ ಕೆಲಸ ಹತ್ತು ಪಟ್ಟು ಏರುತ್ತದೆ, ಉಳಿದ ದಿನ ಯಂತ್ರಗಳು ಸುಮ್ನೆ ಕೂತಿರುತ್ತವೆ. ಬೇರೆ ಊರುಗಳಿಂದ ಕೆಲಸ ಮಾಡುವವರು ಹೆಚ್ಚಾಗಿದ್ದಾರೆ. ಇವೆಲ್ಲ ಒಳ್ಳೆಯ ಕಾರಣಗಳು.

"ಖರ್ಚು ಉಳಿಯುತ್ತೆ" ಅನ್ನೋದು ಒಂದೇ ಕಾರಣವಾಗಿದ್ದರೆ ಸ್ವಲ್ಪ ನಿಲ್ಲಿ. ಡ್ರಾಪ್‌ಬಾಕ್ಸ್ ತನ್ನ ಬಳಕೆದಾರರ ಫೈಲ್‌ಗಳಲ್ಲಿ ಬಹುಪಾಲನ್ನು ಅಮೆಜಾನ್‌ನ ಕ್ಲೌಡ್‌ನಿಂದ ತನ್ನದೇ ಡೇಟಾ ಸೆಂಟರ್‌ಗಳಿಗೆ ತಂದುಕೊಂಡಿತು. ಇದರಿಂದ ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರ್ ಖರ್ಚು ಕಡಿಮೆಯಾಯಿತು ಎಂದು 2018ರಲ್ಲಿ ಷೇರು ಮಾರುಕಟ್ಟೆಗೆ ಬರುವಾಗ ಸಲ್ಲಿಸಿದ ದಾಖಲೆಯಲ್ಲೇ ಹೇಳಿದೆ. ಕೆಲಸ ದೊಡ್ಡದಾಗಿದ್ದು, ವರ್ಷವಿಡೀ ಒಂದೇ ಸಮ ಇದ್ದರೆ ಸ್ವಂತ ಯಂತ್ರವೇ ಅಗ್ಗವಾಗಬಹುದು. ಏರಿಳಿತ ಇದ್ದಾಗ, ಸರ್ವರ್ ನೋಡಿಕೊಳ್ಳಲು ಜನ ಸಾಲದಿದ್ದಾಗ ಕ್ಲೌಡ್ ನಿಜವಾಗಿ ಕೈಹಿಡಿಯುತ್ತದೆ. ನಿಮ್ಮದು ಯಾವ ಸ್ಥಿತಿ ಎಂಬುದನ್ನು ಆ ಹಾಳೆಯೇ ಹೇಳುತ್ತದೆ. ಮುಂದೆ ಜಗಳ ಬಂದಾಗಲೆಲ್ಲ ಅದನ್ನು ತೆಗೆದು ಓದಬೇಕಾಗುತ್ತದೆ, ಜೋಪಾನವಾಗಿಡಿ.

ಪಟ್ಟಿ ಮಾಡುವುದು

ಸರ್ವರ್‌ಗಳ ಹೆಸರು ಬರೆದರೆ ಪಟ್ಟಿ ಆಯಿತು ಎಂದುಕೊಳ್ಳಬೇಡಿ. ಪ್ರತಿ ಸಾಫ್ಟ್‌ವೇರ್‌ಗೂ ಒಂದು ಸಾಲು ಇಡಿ. ಅದನ್ನು ಯಾರು ಬಳಸುತ್ತಾರೆ? ಅದು ನಿಂತರೆ ಯಾವ ಕೆಲಸ ನಿಲ್ಲುತ್ತದೆ? ಎಷ್ಟು ಹೊತ್ತು ನಿಂತರೆ ಸಹಿಸಬಹುದು? ಡೇಟಾ ಎಷ್ಟು? ಲೈಸೆನ್ಸ್ ಯಾವ ತರಹದ್ದು? ಕೊನೆಯದಾಗಿ, ಅದರ ಹೊಣೆ ಯಾರದು? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಗದ ಸಾಲುಗಳು ಖಂಡಿತ ಬರುತ್ತವೆ. ಅವಕ್ಕೆ ಕೆಂಪು ಬಣ್ಣ ಹಾಕಿ. ತೊಂದರೆ ಏಳುವುದು ಹೆಚ್ಚಾಗಿ ಅಲ್ಲಿಂದಲೇ.

ಆಮೇಲೆ ಯಾವುದು ಯಾವುದರ ಜೊತೆ ಮಾತಾಡುತ್ತದೆ ಎಂದು ನೋಡಿ. ಜನರನ್ನು ಕೇಳಿದರೆ ಅರ್ಧ ಮಾತ್ರ ಗೊತ್ತಾಗುತ್ತದೆ. ಉಳಿದರ್ಧ ಸರ್ವರ್‌ಗಳ ಕನೆಕ್ಷನ್ ಪಟ್ಟಿಯಲ್ಲಿ, ಫೈರ್‌ವಾಲ್ (ನೆಟ್‌ವರ್ಕ್‌ನ ಕಾವಲುಗಾರ) ಬರೆದಿಡುವ ಲಾಗ್‌ನಲ್ಲಿ ಇರುತ್ತದೆ. ಆ ಲಾಗ್‌ಗಳನ್ನು ಎರಡು ದಿನ ನೋಡಿ ಬಿಟ್ಟರೆ ಆಗದು. ಒಂದು ತಿಂಗಳ ಕೊನೆಯಾದರೂ ಅದರಲ್ಲಿ ಬರಬೇಕು. ತಿಂಗಳ ಕೊನೆಯ ದಿನ ರಾತ್ರಿ ಮಾತ್ರ ಓಡುವ ಸಂಬಳದ ಲೆಕ್ಕ, ಮೂರು ತಿಂಗಳಿಗೊಮ್ಮೆ ಆಡಿಟರ್‌ಗೆ ಫೈಲ್ ಕಳುಹಿಸುವ ಸಣ್ಣ ಸ್ಕ್ರಿಪ್ಟ್ (ತಾನಾಗಿ ಓಡುವ ಪುಟ್ಟ ಪ್ರೋಗ್ರಾಂ), ಇಂಥವು ಬೇರೆ ದಿನ ಕಣ್ಣಿಗೇ ಬೀಳುವುದಿಲ್ಲ.

ಒಂದು ಸ್ಕ್ರಿಪ್ಟನ್ನು ಹತ್ತಿರದಿಂದ ನೋಡೋಣ. ದಿನಾ ಬೆಳಗಿನ ಜಾವ ಬಿಲ್ಲಿಂಗ್ ಸರ್ವರ್‌ನಿಂದ ಒಂದು ಫೈಲ್ ತೆಗೆದು ಗೋದಾಮಿನ ಸಿಸ್ಟಮ್‌ಗೆ ಹಾಕುತ್ತದೆ. ಅದರೊಳಗೆ ಸರ್ವರ್‌ನ ಹೆಸರಿಲ್ಲ, 192.168ರಿಂದ ಶುರುವಾಗುವ ಐಪಿ ವಿಳಾಸವನ್ನೇ (ನೆಟ್‌ವರ್ಕ್‌ನಲ್ಲಿ ಆ ಯಂತ್ರದ ಅಂಕಿ ವಿಳಾಸ) ನೇರವಾಗಿ ಬರೆದಿದ್ದಾರೆ. ಒಂದು ಪಾಸ್‌ವರ್ಡ್ ಕೂಡ ಅಲ್ಲೇ ಇದೆ, ಅದು ಕಂಪನಿ ಬಿಟ್ಟುಹೋದವರ ಖಾತೆಯದ್ದು. ಕೆಲಸ ಮುಗಿದ ಮೇಲೆ ಕಚೇರಿಯ ಹಳೆಯ ಮೇಲ್ ಸರ್ವರ್ ಮೂಲಕ ಇಮೇಲ್ ಕಳುಹಿಸುತ್ತದೆ. ಬಿಲ್ಲಿಂಗ್ ಸರ್ವರ್ ಕ್ಲೌಡ್‌ಗೆ ಹೋದ ದಿನ ಐಪಿ ಬದಲಾಗುತ್ತದೆ, ಫೈಲ್ ಹೋಗುವುದಿಲ್ಲ. ಮೇಲ್ ಸರ್ವರ್‌ನ ದಾರಿಯೂ ಅಷ್ಟರಲ್ಲಿ ಮುಚ್ಚಿದ್ದರೆ, ಫೈಲ್ ಹೋಗಿಲ್ಲ ಎಂದು ತಿಳಿಸುವ ಇಮೇಲ್ ಕೂಡ ಬರುವುದಿಲ್ಲ. ಗೋದಾಮಿನವರು ನಿನ್ನೆಯ ಲೆಕ್ಕ ನೋಡಿಕೊಂಡೇ ಇವತ್ತು ಮಾಲು ಕಳುಹಿಸುತ್ತಾರೆ. ಯಾವ ಸರ್ವರ್ ಕೂಡ ಕೆಟ್ಟಿಲ್ಲ, ಎಲ್ಲವೂ ಹಸಿರು ದೀಪ ತೋರಿಸುತ್ತಿವೆ. ಆದರೂ ವ್ಯವಹಾರ ದಾರಿ ತಪ್ಪಿದೆ. ಆದ್ದರಿಂದ ಸ್ಕ್ರಿಪ್ಟ್‌ಗಳಲ್ಲಿ, ಸೆಟ್ಟಿಂಗ್ ಬರೆದಿಡುವ ಕಾನ್ಫಿಗ್ ಫೈಲ್‌ಗಳಲ್ಲಿ ಐಪಿ ವಿಳಾಸ ಎಲ್ಲೆಲ್ಲಿದೆ ಎಂದು ಹುಡುಕಿ, ಅವನ್ನೆಲ್ಲ ಹೆಸರಿಗೆ ಬದಲಾಯಿಸಿ. ಸ್ಥಳಾಂತರಕ್ಕೆ ಮುಂಚೆಯೇ ಮಾಡಬಹುದಾದ ಕೆಲಸ ಇದು.

ಪ್ರಿಂಟರ್, ಸ್ಕ್ಯಾನರ್, ಹಾಜರಿ ಯಂತ್ರ, ಯುಎಸ್‌ಬಿ ಡಾಂಗಲ್ ಚುಚ್ಚಿದ್ದರೆ ಮಾತ್ರ ಓಡುವ ಸಾಫ್ಟ್‌ವೇರ್, ಯಂತ್ರದ ಗುರುತಿಗೆ ಕಟ್ಟಿಹಾಕಿದ ಲೈಸೆನ್ಸ್, ಇವನ್ನೂ ಪಟ್ಟಿಗೆ ಸೇರಿಸಿ. ಡೇಟಾಬೇಸ್ ಲೈಸೆನ್ಸ್ ಕ್ಲೌಡ್‌ನಲ್ಲಿ ನಡೆಯುತ್ತದೆಯೇ ಎಂಬುದನ್ನು ಮಾರಿದವರಿಂದ ಲಿಖಿತವಾಗಿ ತೆಗೆದುಕೊಳ್ಳಿ. ಬಾಯಿಮಾತು ಬೇಡ.

ಒಂದೊಂದಕ್ಕೂ ಒಂದು ದಾರಿ

ಪಟ್ಟಿ ಕೈಯಲ್ಲಿದ್ದರೆ ಇದು ಬೇಗ ಮುಗಿಯುತ್ತದೆ. ಪ್ರತಿ ಸಾಲಿನ ಮುಂದೆ ಒಂದು ತೀರ್ಮಾನ ಬರೆಯಿರಿ: ನಿಲ್ಲಿಸಿಬಿಡುವುದು, ಸದ್ಯಕ್ಕೆ ಇಲ್ಲೇ ಇರಲಿ, ಇದ್ದ ಹಾಗೇ ಸಾಗಿಸುವುದು, ಸ್ವಲ್ಪ ತಿದ್ದಿ ಸಾಗಿಸುವುದು, ಇದರ ಬದಲು ಚಂದಾ ಕಟ್ಟಿ ಬಳಸುವ ರೆಡಿಮೇಡ್ ಸಾಫ್ಟ್‌ವೇರ್ ತೆಗೆದುಕೊಳ್ಳುವುದು, ಹೊಸದಾಗಿ ಬರೆಸುವುದು.

"ನಿಲ್ಲಿಸಿಬಿಡುವುದು" ಎಂಬುದನ್ನು ಧೈರ್ಯವಾಗಿ ಬಳಸಿ. ಯಾರೂ ತೆರೆಯದ ವರದಿ, ಎಂದೋ ಮುಗಿದ ಯೋಜನೆಯ ಸರ್ವರ್, ಇವನ್ನು ಸಾಗಿಸಿ ತಿಂಗಳು ತಿಂಗಳು ದುಡ್ಡು ಕಟ್ಟುವುದು ಯಾಕೆ? ಇಮೇಲ್, ಕ್ಯಾಲೆಂಡರ್, ಫೈಲ್ ಹಂಚಿಕೆ ಇಂಥವನ್ನು ರೆಡಿಮೇಡ್ ಸೇವೆಗೆ ಕೊಟ್ಟುಬಿಡಿ. ಸ್ವಂತ ಮೇಲ್ ಸರ್ವರನ್ನು ಕ್ಲೌಡ್‌ನಲ್ಲಿ ಮತ್ತೆ ಕಟ್ಟುವುದಕ್ಕೆ ನನಗೆ ಒಂದೂ ಒಳ್ಳೆಯ ಕಾರಣ ಕಾಣುವುದಿಲ್ಲ. ಡೇಟಾಬೇಸ್‌ಗಳಿಗೆ ಕ್ಲೌಡ್ ಕಂಪನಿಯೇ ಪ್ಯಾಚ್ (ಸಾಫ್ಟ್‌ವೇರ್‌ನ ದೋಷ ಸರಿಪಡಿಸುವ ಅಪ್‌ಡೇಟ್), ಬ್ಯಾಕಪ್ ನೋಡಿಕೊಳ್ಳುವ ಸೇವೆ ಇರುತ್ತದೆ. ದರ ಸ್ವಲ್ಪ ಜಾಸ್ತಿಯಾದರೂ ಸಣ್ಣ ತಂಡಕ್ಕೆ ಅದೇ ವಾಸಿ.

ಇದ್ದ ಹಾಗೇ ಸಾಗಿಸುವುದನ್ನು ಕೆಲವರು ಕೀಳಾಗಿ ನೋಡುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಡೇಟಾ ಸೆಂಟರ್ ಖಾಲಿ ಮಾಡಲು ಗಡುವು ಇದ್ದರೆ ಮೊದಲು ಸಾಗಿಸಿ, ಆಮೇಲೆ ಸುಧಾರಿಸುವುದೇ ಸರಿ. ಆದರೆ ಆ "ಆಮೇಲೆ"ಗೆ ಒಂದು ತಾರೀಖು, ಒಬ್ಬರ ಹೆಸರು ಬರೆದಿಡಿ. ಇಲ್ಲದಿದ್ದರೆ ಅದು ಬರುವುದೇ ಇಲ್ಲ.

ದೂರದ ಲೆಕ್ಕ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹಳೆಯ ಸಾಫ್ಟ್‌ವೇರ್ ಒಂದು ಸ್ಕ್ರೀನ್ ತೋರಿಸಲು ಡೇಟಾಬೇಸನ್ನು 400 ಸಲ ಕೇಳುತ್ತದೆ ಎಂದುಕೊಳ್ಳಿ. ಇಂಥ ಸಾಫ್ಟ್‌ವೇರ್‌ಗಳು ನಿಜವಾಗಿಯೂ ಇವೆ. ಎರಡೂ ಒಂದೇ ಕೋಣೆಯಲ್ಲಿದ್ದು ಒಂದು ಪ್ರಶ್ನೆಗೆ ಅರ್ಧ ಮಿಲಿಸೆಕೆಂಡ್ ಹಿಡಿದರೆ ಒಟ್ಟು 0.2 ಸೆಕೆಂಡ್. ಯಾರಿಗೂ ಗೊತ್ತಾಗುವುದಿಲ್ಲ. ಈಗ ಡೇಟಾಬೇಸ್ ಕ್ಲೌಡ್‌ಗೆ ಹೋಯಿತು, ಸಾಫ್ಟ್‌ವೇರ್ ಕಚೇರಿಯಲ್ಲೇ ಉಳಿಯಿತು. ಹೋಗಿಬರಲು 25 ಮಿಲಿಸೆಕೆಂಡ್. 400 ಸಲಕ್ಕೆ 10 ಸೆಕೆಂಡ್. ಅದೇ ಸ್ಕ್ರೀನ್, ಅದೇ ಡೇಟಾ, ದೊಡ್ಡ ಸರ್ವರ್ ಕೊಂಡರೂ ಇದು ಕಡಿಮೆಯಾಗದು. ಹಾಗಾಗಿ ಸಾಫ್ಟ್‌ವೇರ್ ಮತ್ತು ಅದರ ಡೇಟಾಬೇಸ್ ಒಟ್ಟಿಗೇ ಹೋಗಲಿ, ಅಥವಾ ಎರಡೂ ಇಲ್ಲೇ ಇರಲಿ. ಯಾವುದು ಯಾವುದರ ಜೊತೆ ಮಾತಾಡುತ್ತದೆ ಎಂದು ಬರೆದುಕೊಂಡದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಡೇಟಾ ಸಾಗಿಸುವ ಸಮಯವನ್ನೂ ಲೆಕ್ಕ ಹಾಕಿ. 100 ಎಂಬಿಪಿಎಸ್ ಲೈನ್ ಪೂರ್ತಿ ಸಿಕ್ಕರೂ 1 ಟಿಬಿಗೆ ಸುಮಾರು 22 ಗಂಟೆ ಬೇಕು. 10 ಟಿಬಿಗೆ ಒಂಬತ್ತು ದಿನಕ್ಕೂ ಜಾಸ್ತಿ. ಹಗಲು ಹೊತ್ತು ಕಚೇರಿಗೂ ಅದೇ ಲೈನ್ ಬೇಕು, ಅಲ್ವಾ? ಅರ್ಧ ವೇಗ ಸಿಗುತ್ತದೆ ಎಂದಿಟ್ಟುಕೊಂಡು ಸಮಯವನ್ನು ದುಪ್ಪಟ್ಟು ಮಾಡಿ. ಅಷ್ಟು ದಿನ ಇಲ್ಲದಿದ್ದರೆ ಡಿಸ್ಕ್‌ಗೆ ತುಂಬಿಸಿ ಕಳುಹಿಸುವ ವ್ಯವಸ್ಥೆ ಇದೆಯೇ ಎಂದು ಕ್ಲೌಡ್ ಕಂಪನಿಯನ್ನು ಕೇಳಿ.

ಬಿಲ್ ಎಷ್ಟು ಬರುತ್ತದೆ?

ಈಗಿನ ಸರ್ವರ್‌ನಲ್ಲಿ 16 ಕೋರ್ (ಪ್ರೊಸೆಸರ್‌ನ ಘಟಕ) ಇದೆ ಎಂದು ಅಲ್ಲೂ 16 ಕೋರ್ ತೆಗೆದುಕೊಳ್ಳಬೇಡಿ. ಒಂದು ತಿಂಗಳು ಅದು ನಿಜವಾಗಿ ಎಷ್ಟು ಬಳಸಿತು ಎಂದು ಅಳೆಯಿರಿ. ಐದು ವರ್ಷಕ್ಕೆ ಆಗಲಿ ಎಂದು ದೊಡ್ಡದಾಗಿ ಕೊಂಡ ಯಂತ್ರ ಅದು. ಕ್ಲೌಡ್‌ನಲ್ಲಿ ಬೇಕಾದಾಗ ದೊಡ್ಡದು ಮಾಡಿಕೊಳ್ಳಬಹುದು, ಚಿಕ್ಕದರಿಂದ ಶುರುಮಾಡಿ.

ತಿಂಗಳಿಗೆ ಸುಮಾರು 730 ಗಂಟೆ. ಟೆಸ್ಟಿಂಗ್ ಸರ್ವರ್ ದಿನಕ್ಕೆ 10 ಗಂಟೆಯಂತೆ 22 ಕೆಲಸದ ದಿನ ಓಡಿದರೆ 220 ಗಂಟೆ. ಉಳಿದ ಹೊತ್ತು ಆಫ್ ಮಾಡಿಟ್ಟರೆ ಯಂತ್ರದ ಬಾಡಿಗೆ ಮೂರನೇ ಒಂದು ಭಾಗಕ್ಕೂ ಕಡಿಮೆಯಾಗುತ್ತದೆ. ಡಿಸ್ಕ್‌ನ ಬಾಡಿಗೆ ಮಾತ್ರ ಯಂತ್ರ ಆಫ್ ಇದ್ದರೂ ಓಡುತ್ತಲೇ ಇರುತ್ತದೆ. ಸದಾ ಓಡಬೇಕಾದ ಸರ್ವರ್‌ಗಳಿಗೆ ಒಂದು ಅಥವಾ ಮೂರು ವರ್ಷ ಬಳಸುತ್ತೇವೆ ಎಂದು ಮಾತುಕೊಟ್ಟರೆ ದೊಡ್ಡ ರಿಯಾಯಿತಿ ಸಿಗುತ್ತದೆ. ಆದರೆ ಮೊದಲ ಕೆಲವು ತಿಂಗಳು ಮಾತುಕೊಡಬೇಡಿ. ಸರಿಯಾದ ಅಳತೆ ಗೊತ್ತಾಗುವುದು ಓಡಿಸಿ ನೋಡಿದ ಮೇಲೆಯೇ.

ಡೇಟಾ ಒಳಗೆ ಹಾಕುವುದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ, ಹೊರಗೆ ತರುವುದಕ್ಕೆ ಇದೆ. ದಿನಾ ಗ್ರಾಹಕರಿಗೆ ದೊಡ್ಡ ಫೈಲ್, ವಿಡಿಯೋ ಕಳುಹಿಸುವ ಕಂಪನಿಯಾದರೆ ಈ ಒಂದು ಸಾಲೇ ಬಿಲ್ಲನ್ನು ಬದಲಾಯಿಸಿಬಿಡುತ್ತದೆ. ಇನ್ನೊಂದು, ಸ್ಥಳಾಂತರ ನಡೆಯುವಷ್ಟು ದಿನ ಹಳೆಯದಕ್ಕೂ ಹೊಸದಕ್ಕೂ ಎರಡೂ ಕಡೆ ಕಟ್ಟುತ್ತಿರುತ್ತೀರಿ. ಅದನ್ನು ಬಜೆಟ್‌ನಲ್ಲಿ ಬೇರೆ ಸಾಲಾಗಿ ತೋರಿಸಿ, ಲೆಕ್ಕಪತ್ರ ವಿಭಾಗದವರಿಗೆ ಮೊದಲೇ ಹೇಳಿ.

ಮೊದಲ ದಿನವೇ ಬಜೆಟ್ ಎಚ್ಚರಿಕೆ ಹಾಕಿ. ಅದು ಬರೀ ಎಚ್ಚರಿಕೆ ಎಂಬುದು ನೆನಪಿರಲಿ. ಮಿತಿ ದಾಟಿದರೂ ಸಾಮಾನ್ಯವಾಗಿ ಸರ್ವರ್ ತಾನಾಗಿ ನಿಲ್ಲುವುದಿಲ್ಲ, ಇಮೇಲ್ ಬರುತ್ತದೆ ಅಷ್ಟೇ. ಆ ಇಮೇಲ್ ರಜೆಯಲ್ಲಿರುವ ಒಬ್ಬರಿಗೆ ಮಾತ್ರ ಹೋಗುವ ಹಾಗೆ ಇಡಬೇಡಿ.

ಬೀಗದ ಕೈ ಯಾರ ಹತ್ತಿರ?

ಕಟ್ಟಡ, ವಿದ್ಯುತ್, ಹಾರ್ಡ್‌ವೇರ್, ಇವುಗಳ ಭದ್ರತೆ ಕ್ಲೌಡ್ ಕಂಪನಿಯದ್ದು. ಯಾರಿಗೆ ಪ್ರವೇಶ ಕೊಟ್ಟಿರಿ, ಯಾವ ಫೋಲ್ಡರನ್ನು ಇಡೀ ಲೋಕಕ್ಕೆ ತೆರೆದಿಟ್ಟಿರಿ, ನೀವು ಬಾಡಿಗೆಗೆ ಪಡೆದ ಸರ್ವರ್‌ಗೆ ಪ್ಯಾಚ್ ಹಾಕಿದಿರಾ, ಇವು ನಿಮ್ಮದು. ಈ ಗೆರೆ ಗೊತ್ತಿಲ್ಲದೆ ಹೋದರೆ "ಅವರು ನೋಡಿಕೊಳ್ಳುತ್ತಾರೆ" ಎಂದು ಇಬ್ಬರೂ ಸುಮ್ಮನಿರುತ್ತಾರೆ.

ಕೋಡ್ ಸ್ಪೇಸಸ್ ಎಂಬ ಕಂಪನಿ ಸಾಫ್ಟ್‌ವೇರ್ ಬರೆಯುವವರ ಕೋಡ್ ಇಟ್ಟುಕೊಳ್ಳುವ ಸೇವೆ ಕೊಡುತ್ತಿತ್ತು. 2014ರ ಜೂನ್‌ನಲ್ಲಿ ಯಾರೋ ಅದರ ಕ್ಲೌಡ್ ನಿಯಂತ್ರಣ ಫಲಕಕ್ಕೆ ನುಗ್ಗಿ ಹಣ ಕೇಳಿದರು. ಕಂಪನಿ ಹಿಡಿತ ವಾಪಸ್ ಪಡೆಯಲು ಹೊರಟಾಗ ಡೇಟಾ, ಸರ್ವರ್, ಬ್ಯಾಕಪ್ ಬಹುಪಾಲು ಅಳಿಸಿಹಾಕಿದರು. ಕಂಪನಿ ಮುಚ್ಚಿತು. ಬ್ಯಾಕಪ್ ಇತ್ತು, ಆದರೆ ಅದೂ ಅದೇ ಫಲಕದ ಕೈಗೆ ಸಿಗುವ ಹಾಗಿತ್ತು.

ಹಾಗಾಗಿ ಒಂದೂ ಸರ್ವರ್ ಸಾಗಿಸುವ ಮೊದಲು ಇಷ್ಟು ಆಗಿರಲಿ. ಮುಖ್ಯ ಖಾತೆಗೆ ಎರಡು ಹಂತದ ಲಾಗಿನ್ ಹಾಕಿ, ದಿನದ ಕೆಲಸಕ್ಕೆ ಅದನ್ನು ಮುಟ್ಟಬೇಡಿ. ಪ್ರತಿಯೊಬ್ಬರಿಗೂ ಅವರದೇ ಲಾಗಿನ್, ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ. ಬ್ಯಾಕಪ್ ಬೇರೆ ಖಾತೆಯಲ್ಲಿರಲಿ. ಯಾರು ಏನು ಮಾಡಿದರು ಎಂಬ ಲಾಗ್ ಮೊದಲ ದಿನದಿಂದಲೇ ಉಳಿಯಲಿ.

ಬ್ಯಾಕಪ್ ಮತ್ತು ನಿಂತುಹೋಗುವ ದಿನ

2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಹೆಚ್‌ಕ್ಲೌಡ್ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟುಹೋಯಿತು. ಬೇರೆ ಊರಿನಲ್ಲಿ ಬ್ಯಾಕಪ್ ಇಡದ ಅನೇಕ ಗ್ರಾಹಕರ ಡೇಟಾ ಮರಳಿ ಬರಲಿಲ್ಲ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯ ಪ್ರೈವೇಟ್ ಕ್ಲೌಡ್ (ಅದಕ್ಕೆಂದೇ ಮೀಸಲಿಟ್ಟ ಕ್ಲೌಡ್) ಅಳಿಸಿಹೋಯಿತು. ಕಾರಣ ಗೂಗಲ್ ಕ್ಲೌಡ್ ಕಡೆಯಿಂದಲೇ ಆದ ಒಂದು ಸೆಟ್ಟಿಂಗ್ ತಪ್ಪು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರು ಸುಮಾರು ಒಂದು ವಾರ ತಮ್ಮ ಖಾತೆ ನೋಡಲಾಗಲಿಲ್ಲ. ಆದರೆ ನಿಧಿ ಇನ್ನೊಂದು ಕಂಪನಿಯ ಬಳಿಯೂ ಬ್ಯಾಕಪ್ ಇಟ್ಟಿತ್ತು, ವ್ಯವಸ್ಥೆಯನ್ನು ಮತ್ತೆ ಕಟ್ಟಲು ಅದು ನೆರವಾಯಿತು.

ಪ್ರತಿ ಸಾಫ್ಟ್‌ವೇರ್‌ಗೂ ಎರಡು ಸಂಖ್ಯೆ ಗೊತ್ತುಮಾಡಿ. ಎಷ್ಟು ಹೊತ್ತಿನಲ್ಲಿ ಮತ್ತೆ ನಡೆಯಬೇಕು? ಎಷ್ಟು ಹೊತ್ತಿನ ಡೇಟಾ ಹೋದರೆ ತಡೆದುಕೊಳ್ಳಬಹುದು? ಇದನ್ನು ಐಟಿ ವಿಭಾಗದವರು ತಾವೇ ನಿರ್ಧರಿಸಬಾರದು, ಆ ಕೆಲಸ ನಡೆಸುವವರನ್ನು ಕೂರಿಸಿ ಕೇಳಬೇಕು. ಎಲ್ಲರೂ ಮೊದಲು "ಒಂದು ನಿಮಿಷವೂ ನಿಲ್ಲಬಾರದು" ಎನ್ನುತ್ತಾರೆ. ಅದಕ್ಕೆ ಆಗುವ ಖರ್ಚು ಮುಂದಿಟ್ಟ ಮೇಲೆ ನಿಜವಾದ ಸಂಖ್ಯೆ ಹೊರಬರುತ್ತದೆ.

ಸೇವೆ ಇಷ್ಟು ಹೊತ್ತು ನಡೆಯುತ್ತಿರುತ್ತದೆ ಎಂದು ಒಪ್ಪಂದದಲ್ಲಿ 99.9 ಶೇಕಡಾ ಬರೆದಿದ್ದರೆ ತಿಂಗಳಿಗೆ ಸುಮಾರು 43 ನಿಮಿಷ ನಿಲ್ಲಬಹುದು ಎಂದರ್ಥ. 99.99 ಆದರೆ ನಾಲ್ಕು ನಿಮಿಷದ ಆಸುಪಾಸು. ಅದಕ್ಕಿಂತ ಜಾಸ್ತಿ ನಿಂತರೆ ಸಿಗುವುದು ಸಾಮಾನ್ಯವಾಗಿ ಬಿಲ್‌ನಲ್ಲಿ ಒಂದಿಷ್ಟು ವಜಾ, ನಿಮ್ಮ ವ್ಯಾಪಾರದ ನಷ್ಟಕ್ಕೆ ಪರಿಹಾರ ಅಲ್ಲ.

ಬ್ಯಾಕಪ್‌ನಿಂದ ಒಮ್ಮೆ ಪೂರ್ತಿ ಡೇಟಾಬೇಸ್ ವಾಪಸ್ ತಂದು ನೋಡಿ, ಎಷ್ಟು ಗಂಟೆ ಹಿಡಿಯಿತು ಎಂದು ಬರೆದುಕೊಳ್ಳಿ. ಹಾಗೆ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಎಣಿಸಬೇಡಿ.

ಕಾನೂನು, ಒಪ್ಪಂದ

ಗ್ರಾಹಕರ ಮಾಹಿತಿ ಯಾವ ದೇಶದಲ್ಲಿರಬೇಕು ಎಂಬ ನಿಯಮ ನಿಮ್ಮ ಕ್ಷೇತ್ರಕ್ಕೆ ಇದೆಯೇ ಎಂದು ವಕೀಲರಿಂದ ತಿಳಿದು ಆಮೇಲೆ ಕ್ಲೌಡ್‌ನ ಡೇಟಾ ಸೆಂಟರ್ ಇರುವ ಪ್ರದೇಶ ಆರಿಸಿ. ಬ್ಯಾಕಪ್ ಇರುವ ಜಾಗಕ್ಕೂ ಅದೇ ನಿಯಮ. ಮುಂದೆ ಬಿಟ್ಟುಹೋಗುವುದಾದರೆ ಡೇಟಾ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಸಿಗುತ್ತದೆ ಎಂದು ಸಹಿ ಹಾಕುವ ಮೊದಲೇ ಕೇಳಿ. ಈ ವಿಷಯದಲ್ಲಿ ಕಾಲ ಸುಧಾರಿಸಿದೆ. ಕ್ಲೌಡ್ ಪೂರ್ತಿ ಬಿಟ್ಟುಹೋಗುವವರಿಂದ ಡೇಟಾ ಹೊರತೆಗೆಯುವ ಶುಲ್ಕ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂರೂ 2024ರಲ್ಲಿ ಹೇಳಿದವು. ಅದಕ್ಕೂ ಷರತ್ತುಗಳಿವೆ, ಓದಿಕೊಳ್ಳಿ.

ಯಾವುದು ಮೊದಲು?

ತೀರಾ ಸಣ್ಣದೂ ಬೇಡ, ಕಂಪನಿಯ ಉಸಿರಿನಂಥದ್ದೂ ಬೇಡ. ನಿಂತರೆ ನಾಲ್ಕು ಜನ ಬೈಯುವ, ಆದರೆ ಗ್ರಾಹಕರಿಗೆ ತಟ್ಟದ ಒಂದು ಕೆಲಸ ಆರಿಸಿ. ಒಳಗಿನ ವರದಿಗಳ ವ್ಯವಸ್ಥೆ ಒಳ್ಳೆಯ ಆಯ್ಕೆ. ಅದರಲ್ಲಿ ನೆಟ್‌ವರ್ಕ್, ಲಾಗಿನ್, ಬ್ಯಾಕಪ್, ಬಿಲ್ ಎಲ್ಲವೂ ಒಮ್ಮೆ ಪರೀಕ್ಷೆಗೆ ಬರುತ್ತವೆ. ಆಮೇಲೆ ಒಟ್ಟಿಗೆ ಹೋಗಬೇಕಾದವುಗಳ ಗುಂಪು ಮಾಡಿ, ಗುಂಪು ಗುಂಪಾಗಿ ಸಾಗಿಸಿ. ತಿಂಗಳ ಕೊನೆ, ವರ್ಷದ ಲೆಕ್ಕ ಮುಗಿಸುವ ದಿನಗಳು, ವ್ಯಾಪಾರ ಜೋರಾಗಿರುವ ವಾರಗಳು, ಇವನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಹೊಡೆದುಹಾಕಿ.

ಹಳೆಯ ಸರ್ವರ್‌ಗಳನ್ನು ವರ್ಷಗಟ್ಟಲೆ ನೋಡಿಕೊಂಡ ಸಿಬ್ಬಂದಿಯನ್ನು ಈ ಹೊತ್ತಿಗೆ ಒಳಗೆ ಸೇರಿಸಿಕೊಂಡಿರಬೇಕು. ತಮ್ಮ ಕೆಲಸ ಹೋಗುತ್ತದೇನೋ ಎಂಬ ಅಳುಕು ಅವರಿಗಿರುತ್ತದೆ. ಅವರ ಮುಂದಿನ ಕೆಲಸ ಏನು ಎಂದು ನೇರವಾಗಿ ಹೇಳಿ, ತರಬೇತಿ ಕೊಡಿಸಿ. ಪಟ್ಟಿಯಲ್ಲಿ ಇಲ್ಲದ್ದು ಗೊತ್ತಿರುವುದು ಅವರಿಗೇ.

ಬದಲಾವಣೆಯ ರಾತ್ರಿ

ಆ ರಾತ್ರಿ ಯಾರೂ ಯೋಚನೆ ಮಾಡುತ್ತಾ ಕೂರಬಾರದು. ಯೋಚನೆಯೆಲ್ಲ ಮೊದಲೇ ಮುಗಿದು ಕಾಗದದಲ್ಲಿರಬೇಕು: ಹೆಜ್ಜೆ, ಮಾಡುವವರ ಹೆಸರು, ಹಿಡಿಯುವ ಸಮಯ, ಸರಿಯಾಯಿತು ಎಂದು ತಿಳಿಯುವುದು ಹೇಗೆ. ಒಮ್ಮೆ ಪೂರ್ತಿ ತಾಲೀಮು ಮಾಡಿ.

ಸರ್ವರ್‌ನ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ ಡಿಎನ್‌ಎಸ್, ಆ ಉತ್ತರವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಎಂಬುದು ಟಿಟಿಎಲ್. ಅದು 86,400 ಸೆಕೆಂಡ್ ಇದ್ದರೆ ಹಳೆಯ ವಿಳಾಸ ಒಂದು ದಿನದವರೆಗೂ ಜನರ ಬಳಿ ಉಳಿಯುತ್ತದೆ. ಎರಡು ದಿನ ಮುಂಚೆಯೇ ಅದನ್ನು 300ಕ್ಕೆ ಇಳಿಸಿಡಿ. ಡೇಟಾಬೇಸ್‌ನ ನಕಲು ವಾರದ ಮೊದಲೇ ಕ್ಲೌಡ್‌ಗೆ ಹೋಗಿ, ಹೊಸ ಬದಲಾವಣೆಗಳು ಹಿಂದೆಯೇ ಹರಿಯುತ್ತಿರಲಿ. ಗೊತ್ತಾದ ಹೊತ್ತಿಗೆ ಹಳೆಯದರಲ್ಲಿ ಬರೆಯುವುದನ್ನು ನಿಲ್ಲಿಸಿ. ಕೊನೆಯ ಬದಲಾವಣೆ ತಲುಪುವವರೆಗೆ ಕಾಯಿರಿ. ಈಗ ಎರಡೂ ಕಡೆ ಎಣಿಸಿ. ಸಾಲುಗಳ ಸಂಖ್ಯೆ ಹೊಂದಿದರೆ ಸಾಲದು, ಆ ದಿನದ ಇನ್‌ವಾಯ್ಸ್‌ಗಳ ಒಟ್ಟು ಮೊತ್ತ, ಬಾಕಿ ಇರುವ ಆರ್ಡರ್‌ಗಳ ಒಟ್ಟು, ಕನ್ನಡದಲ್ಲಿರುವ ಹೆಸರುಗಳು ಅಕ್ಷರ ಕೆಡದೆ ಬಂದಿವೆಯೇ, ಇಷ್ಟನ್ನು ನೋಡಿ. ಐಟಿಯವರು ನೋಡಿದರೆ ಆಗದು, ದಿನಾ ಆ ಲೆಕ್ಕ ಹಿಡಿಯುವವರೇ ಕೂತು ನೋಡಬೇಕು.

ವಾಪಸ್ ಬರುವ ಗಳಿಗೆಯನ್ನೂ ಮೊದಲೇ ಬರೆದಿಡಿ. "ಬೆಳಗಿನ 3 ಗಂಟೆಗೆ ಇಷ್ಟು ಪರೀಕ್ಷೆ ಮುಗಿದಿರದಿದ್ದರೆ ಹಳೆಯದಕ್ಕೇ ಮರಳುತ್ತೇವೆ" ಎಂದು. ಹೊಸ ವ್ಯವಸ್ಥೆಯಲ್ಲಿ ಗ್ರಾಹಕರ ಮೊದಲ ಆರ್ಡರ್ ಬಿದ್ದ ಮೇಲೆ ಮರಳುವುದು ಕಷ್ಟ. ಮರಳಿದರೆ ಆ ಆರ್ಡರ್ ಹಳೆಯದರಲ್ಲಿ ಇರುವುದಿಲ್ಲ, ಅದನ್ನು ಕೈಯಾರೆ ಸೇರಿಸಬೇಕು. ಆ ಗೆರೆ ದಾಟಲು ಅನುಮತಿ ಕೊಡುವವರು ಒಬ್ಬರೇ ಇರಲಿ, ಆ ರಾತ್ರಿ ಎಚ್ಚರವಾಗಿರಲಿ.

2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ತನ್ನ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಡೇಟಾ ಸರಿಯಾಗಿಯೇ ತಲುಪಿತು. ಆದರೆ ಹೊಸ ವ್ಯವಸ್ಥೆಯಲ್ಲಿ ತಕ್ಷಣವೇ ತಾಂತ್ರಿಕ ತೊಂದರೆಗಳು ಎದ್ದವು, ಬ್ಯಾಂಕಿನ 52 ಲಕ್ಷ ಗ್ರಾಹಕರಲ್ಲಿ ಬಹಳ ಜನರಿಗೆ ಅದು ತಟ್ಟಿತು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ನಿಯಂತ್ರಕರು 4.86 ಕೋಟಿ ಪೌಂಡ್‌ಗೂ ಹೆಚ್ಚು ದಂಡ ಹಾಕಿದರು. ಹಾಗಾಗಿ ಡೇಟಾ ತಲುಪಿತೇ ಎಂಬ ಪರೀಕ್ಷೆಯ ಜೊತೆಗೆ, ಸೋಮವಾರ ಬೆಳಗ್ಗೆ ಎಲ್ಲರೂ ಒಟ್ಟಿಗೆ ಲಾಗಿನ್ ಆದರೆ ತಡೆಯುತ್ತದೆಯೇ ಎಂಬುದನ್ನೂ ಮೊದಲೇ ನೋಡಿ.

ಆದ ಮೇಲೆ

ಮೊದಲ ತಿಂಗಳು ವಾರಕ್ಕೊಮ್ಮೆ ಬಿಲ್ ತೆರೆದು ಸಾಲು ಸಾಲಾಗಿ ಓದಿ. ಯಾರದು ಎಂದು ಗೊತ್ತಾಗದ ಸಾಲು ಕಂಡರೆ ಅಂದೇ ಹುಡುಕಿ. ಪ್ರತಿ ಸರ್ವರ್‌ಗೂ ವಿಭಾಗದ ಹೆಸರಿನ ಟ್ಯಾಗ್ ಹಾಕಿದ್ದರೆ ಇದು ಸುಲಭ.

ಹಳೆಯ ಸರ್ವರನ್ನು ತಕ್ಷಣ ತೆಗೆಯಬೇಡಿ. ಅದರಲ್ಲಿ ಬರೆಯಲಾಗದಂತೆ ಮಾಡಿ, ಓದಲು ಮಾತ್ರ ಬಿಡಿ. ಒಂದು ತಿಂಗಳ ಕೊನೆ, ಒಂದು ತ್ರೈಮಾಸಿಕದ ಕೊನೆ ಹೊಸದರಲ್ಲಿ ಸರಿಯಾಗಿ ದಾಟಲಿ. ಆಮೇಲೆ ಎರಡು ವಾರ ಅದನ್ನು ಆಫ್ ಮಾಡಿಡಿ, ಯಾರಾದರೂ ಫೋನ್ ಮಾಡುತ್ತಾರೆಯೇ ನೋಡಿ. ಯಾರೂ ಮಾಡದಿದ್ದರೆ ಡಿಸ್ಕ್‌ಗಳಲ್ಲಿರುವುದನ್ನು ಮರಳಿ ಓದಲಾಗದಂತೆ ಅಳಿಸಿ, ಅಳಿಸಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ಆ ಯಂತ್ರದ ನಿರ್ವಹಣೆ ಒಪ್ಪಂದ, ಹಳೆಯ ಲೈಸೆನ್ಸ್ ನವೀಕರಣ, ಡೇಟಾ ಸೆಂಟರ್ ಬಾಡಿಗೆ, ಮೂರನ್ನೂ ರದ್ದು ಮಾಡುವ ಪತ್ರ ಅದೇ ವಾರ ಕಳುಹಿಸಿ.